ಅಪ್ಪನ ಲಾರಿಗೆ ತುಕ್ಕು ಬಾರದಿರಲೆಂದು

ಹರಿಹರದಲ್ಲಿ ನಮ್ಮ ಮನೆಗೆ ಇದ್ದದ್ದು ಒಂದು ಪಡಸಾಲೆ, ಒಂದು ಅಡುಗೆಮನೆ, ಅವೆರಡರ ನಡುವೆ ಹಗಲಲ್ಲೂ ಕತ್ತಲೆಯ ಒಂದು ಕೋಣೆ. ಕೋಣೆಯ ಮೂಲೆಯಲ್ಲಿ ಜೋಳದ ಚೀಲ, ಅದರ ಪಕ್ಕದ ಗೂಡಿನಲ್ಲಿ ಅಜ್ಜಿಯ ಪೂಜೆಯ ಸಾಮಾನು. ಅಜ್ಜಿ ಎಂದರೆ ಅಪ್ಪನ ತಾಯಿ. ಬೆಳಿಗ್ಗೆ ಅವಳು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದಳೆಂದರೆ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದನ್ನೂ ತಗ್ಗಿಸುತ್ತಿದ್ದಳು. ಮನೆ ಇಷ್ಟು ಚಿಕ್ಕದಾದರೂ ಮುಂದಿನ ಅಂಗಳ ಮಾತ್ರ ದೊಡ್ಡದು, ಯಾಕೆಂದರೆ ಅಲ್ಲಿ ಲಾರಿ ನಿಲ್ಲಬೇಕಿತ್ತು. ಬಾಡಿಗೆಗೆ ಮನೆ ಹುಡುಕುವಾಗ ಅಪ್ಪ ಒಳಗೆ ಕಾಲಿಡದೆ ಅಂಗಳವನ್ನಷ್ಟೇ ಹೆಜ್ಜೆ ಹಾಕಿ ನೋಡಿ ಒಪ್ಪಿಕೊಂಡು ಬಂದನಂತೆ. "ನಾಲ್ಕು ಮಂದೀಗೆ ಒಂದು ಮೂಲೆ, ಅದೊಂದಕ್ಕೇ ಬಯಲು" ಎಂದು ಅವ್ವ ಆಡಿಕೊಳ್ಳುತ್ತಿದ್ದಳು. ಹೊಳೆ ನಮ್ಮ ಓಣಿಯಿಂದ ದೂರವಿರಲಿಲ್ಲ. ದೀಪಾವಳಿ ಕಳೆಯಿತೆಂದರೆ ಬೆಳಗಿನ ಹೊತ್ತು ತುಂಗಭದ್ರೆಯ ಮಂಜು ಓಣಿಗೆ ಬಂದು ಕೂತುಬಿಡುತ್ತಿತ್ತು. ಹಗ್ಗದ ಮೇಲೆ ಹಾಕಿದ ಸೀರೆ ಮಧ್ಯಾಹ್ನದವರೆಗೂ ಒಣಗುತ್ತಿರಲಿಲ್ಲ. ಉಪ್ಪಿನ ಗಡಿಗೆ ತಾನಾಗಿ ನೀರು ಬಿಡುತ್ತಿತ್ತು.

ಲಾರಿ ಹಳೆಯದು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದವುಗಳಲ್ಲಿ ಒಂದಂತೆ. ಮೇಲೆ ಅಪ್ಪ ಹೊಡೆಸಿದ ನೀಲಿ ಬಣ್ಣ, ಅದು ಚಕ್ಕೆ ಎದ್ದಲ್ಲಿ ಒಳಗಿನ ಮಿಲಿಟರಿ ಹಸಿರು. ಹಣೆಯ ಮೇಲೆ ದಪ್ಪ ಅಕ್ಷರದಲ್ಲಿ 'ಶ್ರೀ ಕರಿಬಸವೇಶ್ವರ ಪ್ರಸನ್ನ'. ಆ ಕರಿಬಸವೇಶ್ವರನೇ ನಮ್ಮ ಹೊಳೆಯ ಮೇಲ್ದಂಡೆಯ ಉಕ್ಕಡಗಾತ್ರಿಯ ಅಜ್ಜಯ್ಯ; ನಮ್ಮ ಮನೆಯವರೆಲ್ಲ ಅವನ ಒಕ್ಕಲು. ದಾವಣಗೆರೆಯ ಮಂಡಿಪೇಟೆಯಿಂದ ಬೆಲ್ಲ, ಮೆಣಸಿನಕಾಯಿ, ಶೇಂಗಾ ಚೀಲಗಳನ್ನು ಹೇರಿಕೊಂಡು ಅಪ್ಪ ಸುತ್ತಲಿನ ಊರುಗಳಿಗೆಲ್ಲ ಹೋಗಿಬರುತ್ತಿದ್ದ. ಅವನ ಬನಿಯನ್ನಿಗೆ ಒಂದು ದಿನ ಬೆಲ್ಲದ ವಾಸನೆ, ಒಂದು ದಿನ ಮೆಣಸಿನ ಘಾಟು. ಅಂಗಿ ಒಗೆಯುವಾಗ ಸೀನುತ್ತಾ ಅವ್ವ ಅವತ್ತಿನ ಬಾಡಿಗೆ ಯಾವುದೆಂದು ಹೇಳಿಬಿಡುತ್ತಿದ್ದಳು.

ಆ ವರ್ಷ ದಸರೆಯ ಬನ್ನಿ ಕೊಟ್ಟುಕೊಂಡು ಇನ್ನೂ ವಾರವಾಗಿರಲಿಲ್ಲ. ಮಂಡಿಪೇಟೆಯಲ್ಲಿ ಲೋಡಿನ ಮೇಲೆ ನಿಂತು ಹಗ್ಗ ಜಗ್ಗುತ್ತಿದ್ದಾಗ ಹಗ್ಗ ಹರಿದು ಅಪ್ಪ ಹಿಂದಕ್ಕೆ ಬಿದ್ದ. ಸೊಂಟ, ಎಡತೊಡೆ. ಅವನ ಜೊತೆಗಾರ, ಇನ್ನೊಂದು ಲಾರಿಯ ಡ್ರೈವರು ರಹಮಾನ್ ಸಾಬ್, ಖಾಲಿ ಚೀಲಗಳ ಮೇಲೆ ಮಲಗಿಸಿಕೊಂಡು ಮನೆಗೆ ತಂದ. ಮಾರನೆಯ ದಿನ ಅಪ್ಪನ ಲಾರಿಯನ್ನೂ ತಾನೇ ಓಡಿಸಿಕೊಂಡು ಬಂದು ಬೇವಿನ ಮರದ ಪಕ್ಕ ನಿಲ್ಲಿಸಿ ಕೀಲಿಯನ್ನು ಅವ್ವನ ಕೈಗೆ ಕೊಟ್ಟ. ಎಲುಬು ಕಟ್ಟುವವನನ್ನು ಕರೆತಂದವನೂ ಅವನೇ. ಆ ಮನುಷ್ಯ ಬಟ್ಟೆಯ ಗಂಟು ಬಿಚ್ಚಿ ಉದ್ದಿನ ಹಿಟ್ಟು, ಬಿದಿರ ಸೀಳು ತೆಗೆದಿಟ್ಟ. ಆಮೇಲೆ ಮೊಟ್ಟೆ ತೆಗೆದ. ಮೊಟ್ಟೆಯ ಲೋಳೆಯಲ್ಲಿ ಹಿಟ್ಟು ಕಲಸಿ ಪಟ್ಟು ಹಾಕುವುದು ಅವರ ಪದ್ಧತಿ. ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತುಬಿಟ್ಟಳು.

"ಮೊಟ್ಟೆ ನನ್ನ ಹೊಸ್ತಿಲು ದಾಟಂಗಿಲ್ಲ."

"ಹಂಗಾದ್ರೆ ಅಮ್ಮಾರೆ, ನಿಮ್ಮ ಮಗನ್ನೇ ಹೊಸ್ತಿಲು ದಾಟಿಸ್ರಿ. ಲಾರಿ ನೆಳ್ಳಾಗೆ ಕಟ್ತೀನಿ."

ಹಾಗೆಯೇ ಆಯಿತು. ಹಲಗೆಯ ಮೇಲೆ ಅಪ್ಪನನ್ನು ಹೊರಗೆ ತಂದು ಲಾರಿಯ ಮಗ್ಗುಲಲ್ಲಿ ಮಲಗಿಸಿದರು. ಎಲುಬು ಕೂಡಿಸುವಾಗ ಅಪ್ಪ ಕೂಗಿದ ಕೂಗಿಗೆ ನಾನು ಜೋಳದ ಚೀಲದ ಹಿಂದೆ ಅಡಗಿ ಕಿವಿ ಮುಚ್ಚಿಕೊಂಡೆ. ಕೂಗು ನಿಂತ ಮೇಲೆ ಹೆದರುತ್ತಾ ಹೊರಗೆ ಬಂದು ನೋಡಿದರೆ ಅಪ್ಪ ಬೆವರುತ್ತಾ ಮಲಗಿದಲ್ಲಿಂದಲೇ ಲಾರಿಯ ಹೊಟ್ಟೆಯನ್ನು ನೋಡುತ್ತಿದ್ದ. ಅವ್ವನಿಗೆ ಅವನು ಆಡಿದ ಮೊದಲ ಮಾತು:

"ನೀಲಾ, ಮಡ್‌ಗಾರ್ಡಿನ ಒಳಗೆ ಮಣ್ಣು ಮೆತ್ಕೊಂಡೈತೆ. ಮಳೆಗಾಲದ್ದು. ಅದನ್ನ ಕೆರೆದು ತೆಗೀಬೇಕು. ಹಸಿ ಹಿಡ್ಕೊಂಡ್ರೆ ತುಕ್ಕು ತಿಂದ್ಬಿಡ್ತೈತೆ."

"ಮೊದ್ಲು ನಿಮ್ಮ ಉಸಿರು ಹಿಡ್ಕೊಳ್ರಿ" ಎಂದಳು ಅವ್ವ. ಅಳುತ್ತಲೇ ಇದ್ದಳು, ಅದರ ನಡುವೆ ನಕ್ಕಳು.

ಬೇರೆಯವರ ಕೈಗೆ ಲಾರಿ ಕೊಡು ಎಂದವರಿದ್ದರು. ಆದರೆ ಲೋಡು ಹೇರಿದರೆ ಅದರ ಬ್ರೇಕು ಅಪ್ಪನ ಕಾಲಿಗಷ್ಟೇ ಕೇಳುತ್ತಿತ್ತು. ತಿಳಿಯದವನು ಒಯ್ದು ದಾರಿಯಲ್ಲಿ ಯಾರ ಮೇಲಾದರೂ ಹಾಯಿಸಿದರೆ ಆ ಪಾಪ ಯಾರಿಗೆ ಎಂದು ಅಪ್ಪ ಒಪ್ಪಲಿಲ್ಲ. ಯುಗಾದಿಯ ಹೊತ್ತಿಗೆ ಎದ್ದೇಳಬಹುದು ಎಂದು ಎಲುಬು ಕಟ್ಟಿದವನು ಹೇಳಿಹೋಗಿದ್ದ. ಅಲ್ಲಿಯವರೆಗೆ ಲಾರಿ ಬಯಲಲ್ಲೇ ನಿಲ್ಲಬೇಕು, ನಿಂತಲ್ಲೇ ಕೆಡಬಾರದು. ನಮಗೆ ಹೊಲವಿಲ್ಲ, ಅಂಗಡಿಯಿಲ್ಲ. ಅವ್ವನ ತವರಿನಿಂದ ಜೋಳ ಬಂತು, ಪಕ್ಕದ ಮನೆಯ ಎಮ್ಮೆ ಆಗಲೇ ಈದು ಮಜ್ಜಿಗೆಗೆ ಕೊರತೆಯಾಗಲಿಲ್ಲ. ಇವೆಲ್ಲ ಶಿವ ಕಣ್ಣು ಬಿಟ್ಟು ನೋಡಿದ್ದೇ ಎಂದು ಈಗಲೂ ಕೈ ಮುಗಿಯುತ್ತೇನೆ. ಆದರೆ ಬರುವ ವರ್ಷದ ನಮ್ಮ ಒಲೆ ಉರಿಯಬೇಕಾದರೆ ಅಪ್ಪನೂ ಏಳಬೇಕು, ಲಾರಿಯೂ ಏಳಬೇಕು. ಎರಡರಲ್ಲಿ ಒಂದು ಎದ್ದರೆ ಸಾಲದು. ಅಷ್ಟು ಚಿಕ್ಕವಳಾದ ನನಗೂ ಇದು ಗೊತ್ತಿತ್ತು.

ಅಪ್ಪನ ಮಂಚವನ್ನು ಪಡಸಾಲೆಯ ಕಿಟಕಿಗೆ ಹಚ್ಚಿ ಹಾಕಿದರು. ಅವನು ಅಲ್ಲಿಂದಲೇ ಹೇಳುವುದು, ನಾವು ಮಾಡುವುದು. ರೇಡಿಯೇಟರಿನ ನೀರನ್ನೆಲ್ಲ ಬಿಟ್ಟೆವು. ರಹಮಾನ್ ಸಾಬ್ ಜಾಕು ತಂದು ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಟ್ಟು ಟೈರುಗಳ ಮೇಲಿನ ಭಾರ ಇಳಿಸಿದ. ಎಂಜಿನ್ನಿನ ಪ್ಲಗ್ಗುಗಳನ್ನು ಬಿಚ್ಚಿ ಆ ತೂತುಗಳಿಗೆ ಒಂದಿಷ್ಟು ಎಣ್ಣೆ ಬಿಟ್ಟು ಮತ್ತೆ ಬಿಗಿದ. ಉಳಿದದ್ದು ಅವ್ವನ ಪಾಲು. ಅವಳು ಕುಡುಗೋಲಿನ ಹಿಂಬದಿಯಿಂದ ಮಣ್ಣು ಕೆರೆದಳು. ಗ್ಯಾರೇಜಿನಿಂದ ತಂದ ಸುಟ್ಟ ಎಣ್ಣೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಅದ್ದಿ ಕೆಳಗೆ ತೂರಿಕೊಂಡು ಚಾಸಿಗೆ, ಸ್ಪ್ರಿಂಗಿಗೆ, ಮಡ್‌ಗಾರ್ಡಿನ ಒಳಮೈಗೆ ಬಳಿದಳು. ಬಣ್ಣ ಹೋದ ಕಡೆಗೆಲ್ಲ ದೀಪಕ್ಕೆಂದು ಇಟ್ಟಿದ್ದ ಹರಳೆಣ್ಣೆ. ತಾಡಪತ್ರಿ ಹೊದಿಸುವಾಗ ಅಪ್ಪ ಕಿಟಕಿಯಿಂದ ಕೂಗುತ್ತಿದ್ದ:

"ಮೈಗೆ ಅಂಟಂಗೆ ಬಿಗೀಬ್ಯಾಡ, ಬೆವರ್ತೈತೆ! ಗಳ ಇಟ್ಟು ಎತ್ತರಕ್ಕೆ ಕಟ್ಟು, ಗಾಳಿ ಆಡ್ಲಿ. ಬಿಸಿಲು ಬಂದ ಮ್ಯಾಲೆ ದಿನಾ ತೆಗೀಬೇಕು."

"ಹೂನ್ರಿ, ನಿಮ್ಮ ಲಾರಿಗೆ ಬಾಣಂತನ ಮಾಡೋದೊಂದು ಬಾಕಿ ಇತ್ತು" ಎನ್ನುತ್ತಾ ಅವ್ವ ಗಳ ಸಿಗಿಸುತ್ತಿದ್ದಳು.

ಎಂಜಿನ್ನು ಒಳಗೆ ಹಿಡಿದುಕೊಂಡುಬಿಡಬಾರದೆಂದು ಆಗಾಗ ಮುಂದಿನ ಹ್ಯಾಂಡಲ್ ಹಾಕಿ ತಿರುವಬೇಕಿತ್ತು. ಅವ್ವ ಸೆರಗು ಸಿಕ್ಕಿಸಿ ಹ್ಯಾಂಡಲ್ ಹಿಡಿದರೆ ನಾನು ಅವಳ ಕೈಯ ಪಕ್ಕ ನನ್ನ ಕೈ ಇಡುತ್ತಿದ್ದೆ. "ಹೆಬ್ಬೆಟ್ಟು ಸುತ್ತಿ ಹಿಡೀಬ್ಯಾಡ್ರಿ, ಬೆರಳಿನ ಕಡೀಗೇ ಇರ್ಲಿ. ತಿರುಗಿ ಒದ್ರೆ ಕೈ ಮುರೀತೈತೆ" ಎಂದು ಅಪ್ಪ ಪ್ರತಿಸಲವೂ ಹೇಳುವವನೇ. ಎಂಜಿನ್ನಿನಲ್ಲಿ ಬೆಂಕಿಯೇ ಇಲ್ಲದಾಗ ಅದು ಒದೆಯುವುದಿಲ್ಲವೆಂದು ಅವನಿಗೂ ಗೊತ್ತು. ಆದರೂ ಹೇಳದೆ ಅವನಿಗೆ ತಡೆಯುತ್ತಿರಲಿಲ್ಲ. ಓಣಿಯ ಹೆಂಗಸರು ನೀರಿಗೆ ಹೋಗುವಾಗ ನಿಂತು ನೋಡುತ್ತಿದ್ದರು. "ಏನವ್ವಾ ನೀಲವ್ವ, ಮುಂದಿನ ಟ್ರಿಪ್ಪು ನೀನೇ ಹೊಡೀತೀಯೇನು?" "ಹೊಡೀತೀನಿ, ನಿಮ್ಮನ್ನೆಲ್ಲ ಹೇರ್ಕೊಂಡು ಸಂತ್ಯಾಗೆ ಇಳಿಸಿ ಬರ್ತೀನಿ" ಎನ್ನುತ್ತಿದ್ದಳು ಅವ್ವ. ಒಳಗೆ ಬಂದಾಗ ಅವಳ ಕೈಯೆಲ್ಲ ಎಣ್ಣೆ. ಅದೇ ಕೈ ತೊಳೆದುಕೊಂಡು ರೊಟ್ಟಿಗೆ ಹಿಟ್ಟು ನಾದಬೇಕು. ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಆ ಚಳಿಗಾಲದ ರೊಟ್ಟಿಗಳಲ್ಲಿ ಸುಟ್ಟ ಎಣ್ಣೆಯ ಸಣ್ಣ ವಾಸನೆ ಇದ್ದೇ ಇತ್ತು. ಅಪ್ಪ ಮಾತ್ರ ರೊಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ ಆಮೇಲೆ ತಿನ್ನುತ್ತಿದ್ದ.

ಸಂಜೆ ನನ್ನದೊಂದು ಕೆಲಸವಿತ್ತು. ಲಾರಿಯ ಕೆಳಗೆ ನುಗ್ಗಿ, ಅಪ್ಪ ಹೇಳಿದ ಜಾಗಗಳಲ್ಲಿ ಅಂಗೈ ಆಡಿಸಿ, ಬಂದು ಅವನಿಗೆ ತೋರಿಸಬೇಕು. ಕೈ ಕರ್ರಗಿದ್ದರೆ ಎಣ್ಣೆ ಇದೆ, ಚಿಂತೆಯಿಲ್ಲ. "ಶಭಾಷ್ ಗಿರಿಜವ್ವ" ಎಂದು ನನ್ನ ಮೂಗಿಗೆ ಆ ಕಪ್ಪನ್ನೇ ಹಚ್ಚುತ್ತಿದ್ದ. ದಿನಕ್ಕೆ ಅವನ ಮುಖ ಅರಳುವುದು ಅದೊಂದೇ ಹೊತ್ತು.

ಹೀಗೆ ನಡೆದಿದ್ದರೆ ನಡೆಯುತ್ತಿತ್ತೇನೋ. ದೀಪಾವಳಿಯ ಅಮಾವಾಸ್ಯೆಗೆ ಅಜ್ಜಿ ಬಸ್ಸು ಹತ್ತಿ ಉಕ್ಕಡಗಾತ್ರಿಗೆ ಹೋದಳು. ಬರುವಾಗ ಹಣೆ ತುಂಬ ವಿಭೂತಿ, ಮುಖದಲ್ಲಿ ಏನೋ ನೆಮ್ಮದಿ. ಮಗನ ಮಂಚದ ತುದಿಯಲ್ಲಿ ಕೂತು ಹೇಳಿದಳು:

"ಅಜ್ಜಯ್ಯನ ಮುಂದೆ ಬೇಡ್ಕೊಂಡು ಬಂದೀನಿ. ನೀನು ಎದ್ದು ನಡೆಯೋ ತನಕ ಸೋಮವಾರ ಸೋಮವಾರ ಲಾರಿಗೆ ಹೊಳೆ ನೀರಿನ ಸ್ನಾನ ಮಾಡಿಸಿ ಇಬತ್ತಿ ಹಚ್ತೀನಿ ಅಂತ."

ಅಪ್ಪ ತಲೆ ಎತ್ತಲು ನೋಡಿದ, ಆಗಲಿಲ್ಲ. "ಯವ್ವಾ, ಯಾರಿಗೆ ಸ್ನಾನ?"

"ಅದಕ್ಕೇ. ನಿಮ್ಮಪ್ಪ ಇದ್ದಾಗ ಎತ್ತು ಒಡೆಯನ್ನ ಕೆಡವಿದ್ರೆ ಎತ್ತಿಗೆ ಹೊಡೀತಿರಲಿಲ್ಲ. ಹೊಳೀಗೆ ಹೊಡ್ಕೊಂಡೋಗಿ ಮೈ ತೊಳೆದು ಕೈ ಮುಗೀತಿದ್ದ. ಅದರ ಮನಸ್ಸು ತಣ್ಣಗಾದ್ರೆ ಒಡೆಯನ ಮೈ ನೆಟ್ಟಗಾಗ್ತೈತೆ. ಇದು ನಿನ್ನ ಎತ್ತು. ನಿನ್ನ ಕೆಡವಿದ ಮ್ಯಾಲೆ ಯಾರಾನಾ ಇದಕ್ಕೊಂದು ತಂಬಿಗೆ ನೀರು ಹಾಕಿದ್ರೇನು? ಬರೇ ಎಣ್ಣೆ ಬಳೀತಾ ಕುಂತೀರಿ."

"ಎತ್ತಿಗೆ ಚರ್ಮ ಐತವ್ವಾ! ಇದು ಕಬ್ಬಿಣ. ಕಬ್ಬಿಣಕ್ಕೆ ನೀರು ಇಸ."

"ಅಜ್ಜಯ್ಯನ ಪಾದ ತೊಳೆದು ಬರೋ ನೀರನ್ನ ಇಸ ಅಂತೀಯಾ? ಅದೇ ನೀರು ಕುಡಿಸಿ ಬೆಳೆಸೀನಿ ನಿನ್ನ."

"ಹಂಗಾದ್ರೆ ಬರೀ ಟೈರಿಗೆ ಹಾಕು. ರಬ್ಬರಿಗೆ ಏನೂ ಆಗಲ್ಲ."

"ತಲೆ ಬಿಟ್ಟು ಕಾಲಿಗಷ್ಟೇ ನೀರು ಹಾಕಿದ್ರೆ ಅದನ್ನ ಸ್ನಾನ ಅಂತಾರೇನೋ?"

ಅವ್ವ ಬಾಗಿಲಲ್ಲಿ ನಿಂತಿದ್ದಳು. ಗಂಡನ ಕಡೆ ಮಾತಾಡಿದರೆ ದೇವರಿಗೆ ತಪ್ಪಿದಂತೆ, ಅತ್ತೆಯ ಕಡೆ ಮಾತಾಡಿದರೆ ಗಂಡನಿಗೆ. ಬಾಯಿಬಿಟ್ಟು ಆಡಿದ ಹರಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ ಎನ್ನುವುದು ನಮ್ಮ ಮನೆಯಲ್ಲಿ ಅಪ್ಪನಿಗೂ ಗೊತ್ತು. ಮೊದಲ ಸೋಮವಾರ ಅಜ್ಜಿ ಮಂಜಿನಲ್ಲೇ ಹೊಳೆಗೆ ಹೋಗಿ, ಮುಳುಗಿ, ಒದ್ದೆ ಸೀರೆಯಲ್ಲಿ ತಾಮ್ರದ ಕೊಡ ಹೊತ್ತು ಬಂದಳು. ತಾಡಪತ್ರಿ ಸರಿಸಿ ಬಾನೆಟ್ಟಿನ ಮೇಲೆ, ಕ್ಯಾಬಿನ್ನಿನ ಮೇಲೆ, ಬಾಗಿಲಿಗೆ ನಿಧಾನವಾಗಿ ನೀರು ಹಾಕುತ್ತಾ, ಅಂಗೈಯಿಂದ ಉಜ್ಜುತ್ತಾ, "ಸಿಟ್ಟು ಬಿಡಪ್ಪಾ, ನನ್ನ ಮಗನ್ನ ಏಳಿಸು" ಎಂದು ಮಾತಾಡಿಸುತ್ತಿದ್ದಳು. ನನ್ನ ತಲೆಗೆ ಎರೆಯುವಾಗಲೂ ಅವಳ ಕೈ ಅಷ್ಟು ಮೆತ್ತಗಿರಲಿಲ್ಲ. ಒಂದು ಕೊಡಕ್ಕೆ ತೃಪ್ತಿಯಾಗದೆ ಮತ್ತೊಂದು ತಂದಳು. ಕಿಟಕಿಯ ಈಚೆ ಅಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದ. ಮೈ ತಿರುಗಿಸಲು ಬರುತ್ತಿರಲಿಲ್ಲ, ಮುಖವನ್ನಷ್ಟೇ.

ಅವ್ವ ಯಾರಿಗೂ ಏನೂ ಹೇಳದೆ ತನ್ನದೊಂದು ದಾರಿ ಮಾಡಿಕೊಂಡಳು. ಅತ್ತೆ ವಿಭೂತಿ ಹಚ್ಚಿ ಒಳಗೆ ಪೂಜೆಗೆ ಕೂತ ಕೂಡಲೇ ಹಳೆಯ ಸೀರೆ ತಂದು ಲಾರಿಯನ್ನು ಬರಬರನೆ ಒರೆಸಿ, ಆ ಕೈಯಲ್ಲೇ ಎಣ್ಣೆ ಬಳಿದು, ಮತ್ತೆ ತಾಡಪತ್ರಿ ಎಳೆದುಬಿಡುವುದು. ಅಷ್ಟರಲ್ಲಿ ಒಲೆಯ ಮೇಲಿನ ಎಸರು ಕುದಿಯುತ್ತಿರುತ್ತಿತ್ತು. ಅಜ್ಜಿಯ ಹರಕೆಯೂ ನಡೆಯಿತು, ಅಪ್ಪನ ಮಾತೂ ನಡೆಯಿತು ಎಂದು ಅವಳಿಗೆ ಸಮಾಧಾನ. ಎಣ್ಣೆಯನ್ನು ಮೊದಲಿಗಿಂತ ದಪ್ಪಗೆ ಬಳಿಯುತ್ತಿದ್ದಳು. ದೀಪಕ್ಕೆ ಉಳಿಯದೆ ಗೂಡಿನಲ್ಲಿ ಬತ್ತಿ ಚಿಕ್ಕದು ಮಾಡಿದಳು. ಸೋಮವಾರ ಬಂದರೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಉಳಿದ ದಿನ ಅಪ್ಪನ ತಟ್ಟೆಗೆ ಅಜ್ಜಿಯೇ ಬಡಿಸುತ್ತಿದ್ದಳು. ಅಂದು ಮಾತ್ರ ಅವ್ವ.

ಪುಷ್ಯಮಾಸದ ಒಂದು ಸೋಮವಾರ, ಅಜ್ಜಿ ಲಾರಿಗೆ ನೀರು ಹಾಕಿ ಒಳಗೆ ಬರುವ ಹೊತ್ತಿಗೆ, ಅಪ್ಪನ ಎಡಗಾಲಿನ ಹೆಬ್ಬೆರಳು ಅಲುಗಿತು. ನಾನೇ ನೋಡಿದೆ. ಕಂಬಳಿಯ ಹೊರಗೆ ಚಾಚಿಕೊಂಡಿದ್ದ ಆ ಬೆರಳು ಒಂದು ಸಲ ಮೇಲಕ್ಕೆದ್ದು ಇಳಿಯಿತು. ಅಪ್ಪ ಕಣ್ಣರಳಿಸಿ ಮತ್ತೊಮ್ಮೆ ಅಲುಗಿಸಿದ. ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಆ ಬೆರಳನ್ನು ಹಿಡಿದುಕೊಂಡಳು. ಅಜ್ಜಿ ಒದ್ದೆ ಸೀರೆಯಲ್ಲೇ ನೆಲಕ್ಕೆ ಕೂತು, ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡು "ಅಜ್ಜಯ್ಯಾ, ಅಜ್ಜಯ್ಯಾ" ಎನ್ನುತ್ತಾ ಅತ್ತಳು. ಎಲ್ಲರೂ ಅತ್ತೆವು. ಇಂದಿಗೂ ನಾನು ಬೆಳಿಗ್ಗೆ ಕೈ ಮುಗಿದು ಶಿವನಿಗೆ ಒಪ್ಪಿಸುವ ಲೆಕ್ಕದಲ್ಲಿ ಆ ಬೆರಳಿದೆ. ಅತ್ತು ಮುಗಿದ ಮೇಲೆ ಅಪ್ಪ ಕಿಟಕಿಯಾಚೆ ನೋಡಿದ. ಲಾರಿಯ ಬಾಗಿಲ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇನ್ನು ಮೇಲೆ ಬೇಡವೆನ್ನಲು ಅವನಿಗೆ ಬಾಯಿ ಉಳಿದಿರಲಿಲ್ಲ.

ಸಂಕ್ರಾಂತಿಯ ಎಳ್ಳು ಬೀರಿ ಬಂದ ಸಂಜೆ ನಾನು ಎಂದಿನಂತೆ ಲಾರಿಯ ಕೆಳಗೆ ನುಗ್ಗಿದೆ. ಬಾಗಿಲ ಕೆಳಗಿನ ಮಡಿಕೆಯಲ್ಲಿ ಅಂಗೈ ಆಡಿಸಿದರೆ ಎಣ್ಣೆಯ ಪದರ ಹಪ್ಪಳದಂತೆ ಎದ್ದು ಬಂತು. ಕೈ ತುಂಬ ಕೆಂಪು, ಒದ್ದೆ ಇಟ್ಟಿಗೆ ಪುಡಿಯಂಥ ಕೆಂಪು. ಹಾಗೇ ಓಡಿಹೋಗಿ ತೋರಿಸಿದೆ. ಅಪ್ಪ ನನ್ನ ಕೈ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಅಡುಗೆಮನೆಯ ಕಡೆ ಕೂಗಿದ:

"ನೀಲಾ, ಸೋಮವಾರ ಎಣ್ಣೆ ಹಚ್ಚೋಕೆ ಮುಂಚೆ ಬಿಸಿಲಿಗೆ ಒಣಗಾಕೆ ಬಿಡ್ತೀಯ ತಾನೇ?"

"ಬಿಸಿಲು ಏರೋ ತನಕ ಕಾಯ್ತಾ ಕುಂತ್ರೆ ರೊಟ್ಟಿ ಯಾರು ಬಡೀತಾರೆ? ನೀರು ಹಾಕಿದ ಕೂಡ್ಲೇ ಒರೆಸಿ ಹಚ್ಚಿಬಿಡ್ತೀನ್ರಿ. ಒಂದು ಹನೀನೂ ಒಳಗೆ ಇಳೀಬಾರ್ದು ಅಂತ ದಪ್ಪಗೇ ಹಚ್ತೀನಿ."

ಅಪ್ಪ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿ, "ಹೋಗಿ ತೊಳ್ಕೊ ತಾಯಿ" ಎಂದ. ಮಾರನೆಯ ಸಂಜೆಯಿಂದ ಕೈ ತೋರಿಸಲು ಹೇಳಲಿಲ್ಲ.

ಅದು ಏನೆಂದು ನನಗೆ ತಿಳಿದದ್ದು ಶಿವರಾತ್ರಿಗೆ ಮುಂಚೆ ರಹಮಾನ್ ಸಾಬ್ ಬಂದಾಗ. ಅವನು ಬಂದರೆ ದಾವಣಗೆರೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಬರುತ್ತಿತ್ತು; ನಾನು ಮಂಚದ ಕೆಳಗೆ ಕೂತು ಅದನ್ನೇ ತಿನ್ನುತ್ತಿದ್ದೆ. ಅವನು ಲಾರಿಯನ್ನು ಸುತ್ತಿ ನೋಡಿ ಬಂದು ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಬಸಣ್ಣ, ಎಂಜಿನ್ನು ಮಸ್ತ್ ಐತೆ. ಮೈಯಿ ಮಾತ್ರ... ಒದ್ದೆ ಮ್ಯಾಲೆ ಎಣ್ಣೆ ಬಳಿದುಬಿಟ್ಟಾರಲ್ಲೋ. ನೀರು ಒಳಗೇ ಕುಂತ್ಬಿಡ್ತು. ಬರೇ ನೀರು ಹಾಕಿ ಬಿಸಿಲಿಗೆ ಬಿಟ್ಟಿದ್ರೂ ಇಷ್ಟು ತಿಂತಿರಲಿಲ್ಲ."

"ಸುಮ್ನಿರೋ ಮಾರಾಯ" ಎಂದ ಅಪ್ಪ, ದನಿ ತಗ್ಗಿಸಿ. "ಒಳಗೆ ಆಕೀಗೆ ಕೇಳಿಸ್ತೈತೆ."

"ಕೇಳಿಸ್ಲಿ ಬಿಡು, ಮುಂದೆ ಹಂಗೆ ಮಾಡದಿರ್ಲಿ."

"ಆಗೋದೆಲ್ಲ ಆಗೈತೆ. ಈ ಚಳಿಯಾಗೆ ಅದರ ಕೆಳಗೆ ಅಂಗಾತ ಮಲಗಿ ಎಣ್ಣೆ ಹಚ್ಯಾಳೆ. ಹಡೆದವ್ವ ಹೊಳ್ಯಾಗೆ ಮುಳುಗಿ ಮುಳುಗಿ ಕೆಮ್ಮು ಹತ್ತಿಸ್ಕೊಂಡಾಳೆ. ಯಾರಿಗೆ ಏನಂತ ಹೇಳ್ಲಿ? ನೀನು ಬಜ್ಜಿ ತಿನ್ನು."

ಒಳಗೆ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು. ಕೇಳಿಸಿಕೊಂಡಳೋ ಇಲ್ಲವೋ, ಅವ್ವ ಸಾಯುವವರೆಗೂ ಆ ಮಾತು ಎತ್ತಲಿಲ್ಲ. ಮುಂದಿನ ಸೋಮವಾರವೂ ನೀರು ಬಿತ್ತು, ಎಣ್ಣೆಯೂ ಬಿತ್ತು. ಮನೆಯಲ್ಲಿ ಮೂವರು ದೊಡ್ಡವರು, ಮೂವರೂ ಒಬ್ಬರಿಗೊಬ್ಬರು ಒಳ್ಳೆಯದನ್ನೇ ಬಯಸುತ್ತಿದ್ದರು. ಆ ಒಳ್ಳೆಯದೆಲ್ಲ ಸೇರಿ ಅಂಗಳದಲ್ಲಿ ನಿಂತ ಕಬ್ಬಿಣವನ್ನು ತಿನ್ನುತ್ತಿತ್ತು. ತಡೆಯುವ ಶಕ್ತಿ ಅವರಲ್ಲಿ ಯಾರಿಗೂ ಇರಲಿಲ್ಲ.

ಯುಗಾದಿಗೆ ಅಪ್ಪ ಎದ್ದ. ಎಲುಬು ಕಟ್ಟಿದವನು ಬಿದಿರ ಸೀಳುಗಳನ್ನು ಬಿಚ್ಚಿದಾಗ ಎಡಗಾಲು ಬಲಗಾಲಿಗಿಂತ ಸಣ್ಣಗೆ, ಬೆಳ್ಳಗೆ, ಯಾರದೋ ಕಾಲಿನಂತೆ ಇತ್ತು. ಕೋಲು ಊರಿ ಪಡಸಾಲೆಯಲ್ಲಿ ಓಡಾಡುವುದನ್ನು ಕಲಿತ. ಬೇವು ಬೆಲ್ಲ ತಿಂದ ಮೇಲೆ "ನಡೀರಿ, ಅದನ್ನ ಮಾತಾಡ್ಸೋಣ" ಎಂದು ಅಂಗಳಕ್ಕೆ ಇಳಿದ. ರಹಮಾನ್ ಸಾಬ್ ಬ್ಯಾಟರಿ, ಪೆಟ್ರೋಲು ತಂದು ಮೊದಲೇ ಎಲ್ಲ ಅಣಿಮಾಡಿದ್ದ, ದಿಮ್ಮಿಗಳನ್ನೂ ತೆಗೆದಿದ್ದ. ಅಜ್ಜಿ ತೆಂಗಿನಕಾಯಿ ಒಡೆದಳು. ರಹಮಾನ್ ಸಾಬ್ ಹ್ಯಾಂಡಲ್ ಹಾಕಿ ತಿರುವಿದ, ಎಂಜಿನ್ನು ಕೆಮ್ಮಿತು. ಇನ್ನೊಮ್ಮೆ ತಿರುವಿದ, ಅದು ಚಾಲೂ ಆಯಿತು. ಆ ಸದ್ದಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ಚಳಿಗಾಲವೆಲ್ಲ ತಿರುವಿದ ಎಂಜಿನ್ನು ಅದು.

ಅಪ್ಪ ಕೋಲನ್ನು ನನ್ನ ಕೈಗೆ ಕೊಟ್ಟು, ಬಾಗಿಲು ಹಿಡಿದು ಮೇಲೆ ಹತ್ತಿದ. ಬಾಗಿಲ ಕೆಳಗಿನ ತಗಡು ಅವನ ಕೈಯಲ್ಲಿ ಮುರಿದು ಬಂತು. ಅದನ್ನು ನೋಡದವನಂತೆ ಕೆಳಗೆ ಬಿಟ್ಟ. ಸೀಟಿನಲ್ಲಿ ಕೂತು, ಸ್ಟಿಯರಿಂಗ್ ಹಿಡಿದು, ಎಡಗಾಲನ್ನು ಕೈಯಿಂದಲೇ ಎತ್ತಿ ಕ್ಲಚ್ಚಿನ ಮೇಲಿಟ್ಟ. ಒತ್ತಿದ. ಕ್ಲಚ್ಚು ಇಳಿಯಲಿಲ್ಲ. ಹಲ್ಲು ಕಚ್ಚಿ, ಸ್ಟಿಯರಿಂಗಿಗೆ ಜೋತು ಬಿದ್ದು ಒತ್ತಿದ. ಕಾಲು ನಡುಗಿತು, ಜಾರಿತು. ಜಾರಿದ ಹಿಮ್ಮಡಿ ಕೆಳಗಿನ ತಗಡಿಗೆ ಬಡಿದು, ತುಕ್ಕು ತಿಂದ ಕ್ಯಾಬಿನ್ನಿನ ನೆಲ ಕಿತ್ತು, ಪಾದ ಹೊರಬಂದು ಗಾಳಿಯಲ್ಲಿ ಜೋತಾಡಿತು. ಕೆಳಗೆ ನಿಂತಿದ್ದ ನನಗೆ ಆ ಬಿಳಿಯ ಪಾದ ಕಂಡಿತು. ರಹಮಾನ್ ಸಾಬ್ ಓಡಿಹೋಗಿ ಎಂಜಿನ್ನು ಆರಿಸಿ ಅವನನ್ನು ಎತ್ತಿಕೊಂಡೇ ಇಳಿಸಿದ. ಕಾಲಿಗೆ ತರಚಿದ ಗಾಯ, ಅಷ್ಟೇ. ಅವ್ವ ಅದನ್ನು ಸೆರಗಿನಿಂದ ಒರೆಸಿದಳು. ಕೊನೆಗೆ ಅಜ್ಜಿ ಲಾರಿಯ ಹತ್ತಿರ ಹೋಗಿ ತೂತು ಬಿದ್ದ ನೆಲವನ್ನು ಮುಟ್ಟಿ, ಕೆಂಪಾದ ಬೆರಳನ್ನು ಕಣ್ಣಿಗೊತ್ತಿಕೊಂಡಳು.

"ನೋಡ್ದೇನೋ ತಮ್ಮಾ, ನಿನ್ನ ಮೈಯಾಗಿಂದೆಲ್ಲ ಅದು ತಾನು ತಗೊಂಡೈತೆ. ಎತ್ತು ಅಂದ್ರೆ ಎತ್ತು. ನಿನ್ನ ಏಳಿಸಿ ತಾನು ಕುಂತ್ಬಿಡ್ತು."

ರಹಮಾನ್ ಸಾಬ್ ಬಾಯಿ ತೆರೆದ. ಅಪ್ಪ ಅವನ ಭುಜವನ್ನು ಒತ್ತಿ ಹಿಡಿದು, ತಾಯಿಯನ್ನು ನೋಡುತ್ತಾ ಹೇಳಿದ:

"ಹೌದವ್ವ. ಹಂಗೇ ಆಗೈತೆ."

ಮೈ ಕೆಟ್ಟ ಲಾರಿಯನ್ನು ಕೊಳ್ಳುವವರಿರಲಿಲ್ಲ. ಎಂಜಿನ್ನನ್ನು ಭಾನುವಳ್ಳಿಯ ಒಬ್ಬ ಗೌಡರು ನೀರೆತ್ತುವುದಕ್ಕೆಂದು ಒಯ್ದರು. ಹಲಗೆಗಳು ನಮ್ಮ ಬಚ್ಚಲಿನ ಬಾಗಿಲಾದವು. ಅಪ್ಪನಿಗೆ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಚೀಲಗಳು ಹತ್ತಿ ಇಳಿಯುವುದನ್ನು ನೋಡಿಕೊಳ್ಳುವುದು. ಬೇರೆಯವರ ಲಾರಿಗಳಿಗೆ. "ಅದು ಗಟ್ಟಿಮುಟ್ಟಾಗಿ ಅಂಗಳದಾಗೆ ನಿಂತಿದ್ದು, ಇವರ ಕಾಲು ಏಳದೆ ಹೋಗಿದ್ರೆ ದಿನಾ ನೋಡ್ತಾ ಹೆಂಗೆ ಬದುಕ್ತಿದ್ರು? ಹೋದದ್ದೇ ಶಿವನ ದಯ" ಎಂದು ಅವ್ವ ಒಮ್ಮೆ ನನಗೆ ಹೇಳಿದಳು. ನಾನು ಸಣ್ಣಪುಟ್ಟ ದಯೆಗಳನ್ನೆಲ್ಲ ಎಣಿಸಿಕೊಂಡೇ ಸಂಸಾರ ಮಾಡಿದವಳು. ಇದನ್ನು ಆ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಇಂದಿಗೂ ನನಗೆ ತಿಳಿದಿಲ್ಲ.

ಲಾರಿಯ ಕೊನೆಯ ತುಂಡು ಅಂಗಳ ಬಿಟ್ಟ ಮೇಲೆ ಬಂದ ಸೋಮವಾರ, ಹರಕೆ ತೀರಿದ್ದರೂ ರೂಢಿ ಬಿಡದ ಅಜ್ಜಿ ಎಂದಿನಂತೆ ಎದ್ದು ಹೊಳೆಗೆ ಹೋದಳು. ಕೊಡ ಹೊತ್ತು ಅಂಗಳದ ನಡುವೆ ಬಂದ ಮೇಲೆಯೇ ಅವಳಿಗೆ ನೆನಪಾದದ್ದು. ಬೇವಿನ ಮರದ ಪಕ್ಕ ಎಣ್ಣೆ ಕುಡಿದು ಕಪ್ಪಾದ ನೆಲ, ಅದರ ಮೇಲೆ ಉದುರಿದ ಹೂವು. ದೇವರ ಹೆಸರಿನಲ್ಲಿ ತಂದ ನೀರನ್ನು ಅಡುಗೆಗೆ ಬಳಸುವಂತಿಲ್ಲ, ಸುಮ್ಮನೆ ಚೆಲ್ಲುವಂತೆಯೂ ಇಲ್ಲ. ಇಳಿಸಲಾರದೆ, ಹೊತ್ತಿರಲಾರದೆ, ಕೆಮ್ಮುತ್ತಾ ನಿಂತಳು. ಜಗಲಿಯ ಮೇಲೆ ಕೂತಿದ್ದ ಅಪ್ಪ ಪಂಚೆಯನ್ನು ಮೇಲಕ್ಕೆ ಸರಿಸಿ, ಎಡಗಾಲನ್ನು ಎರಡೂ ಕೈಗಳಿಂದ ಎತ್ತಿ ಕೆಳಕ್ಕೆ ಇಳಿಬಿಟ್ಟ.

"ತಾ ಇಲ್ಲಿ ಅವ್ವಾ. ಇದಕ್ಕೆ ಹಾಕು."

"ತಣ್ಣಗೈತೋ."

"ಇರ್ಲಿ, ಹಾಕು."

ಅಜ್ಜಿ ಅವನ ಮೊಣಕಾಲ ಮೇಲಿನಿಂದ ನಿಧಾನವಾಗಿ ಸುರಿಯತೊಡಗಿದಳು, ಇನ್ನೊಂದು ಕೈಯಿಂದ ಉಜ್ಜುತ್ತಾ. ತಣ್ಣೀರಿಗೆ ಅವನ ತೊಡೆ ನಡುಗುತ್ತಿತ್ತು. ಕೊಡ ಬರಿದಾಗುವವರೆಗೂ ಅಪ್ಪ ಕಾಲನ್ನು ಹಿಂದಕ್ಕೆ ತೆಗೆಯಲಿಲ್ಲ.